ಅಪ್ಪನ ಕ್ಯಾಸೆಟ್ ಚಾವಡಿಯಲ್ಲೂ ಕಾರಿನಲ್ಲೂ ಹಾಡಬೇಕಾದರೆ

ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರೊಳಗೆ ನೂರರ ಹತ್ತಿರ ಕ್ಯಾಸೆಟ್. ಹೆಚ್ಚಿನವು ಯಕ್ಷಗಾನ, ಕೆಲವು ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಪದ್ಯ ಹೇಳಿ ಅರ್ಥ ಮಾತಾಡುವ ಯಕ್ಷಗಾನ), ನಾಲ್ಕೈದರಲ್ಲಿ ಮನೆಯ ಮದುವೆಗಳಲ್ಲಿ ಅಜ್ಜಿಯಂದಿರು ಹೇಳಿದ ಶೋಭಾನೆ. ನಮ್ಮ ಕಾಸರಗೋಡು ಕಡೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಅಂತ ಯಕ್ಷಗಾನದ ಆಟ ಇದ್ದಲ್ಲಿಗೆಲ್ಲ ಅಪ್ಪ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ, ರಂಗಸ್ಥಳದ ಪಕ್ಕ ಕೂತು, ಬೆಳಗಿನವರೆಗೆ ಕ್ಯಾಸೆಟ್ ಮಗುಚಿ ಹಾಕುತ್ತಾ ಮಾಡಿದ ರೆಕಾರ್ಡಿಂಗ್ ಅದು. ಪ್ರತಿಯೊಂದರ ಮೇಲೂ ಕೆಂಪು ಪೆನ್ನಿನಲ್ಲಿ ಪ್ರಸಂಗದ ಹೆಸರು, ಹಾಡಿದ ಭಾಗವತರ ಹೆಸರು, ತಾರೀಕು.

ಈಗ ಅದೆಲ್ಲ ನಮ್ಮ ಚಾವಡಿಯಲ್ಲಿ ಕೇಳುತ್ತದೆ, ಕಾರಿನಲ್ಲೂ ಕೇಳುತ್ತದೆ. ಮಾಡಿದ್ದು ಹೇಗೆ ಅಂತ ತುಂಬ ಜನ ಕೇಳಿದರು. ಹಾಗಾಗಿ ಪೂರ್ತಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ಹೆಚ್ಚಿನವರು ಪೇಟೆಗೆ ಹೋಗಿ ಸ್ಪೀಕರ್ ತೆಗೆದುಕೊಳ್ಳುವುದರಿಂದ ಶುರು ಮಾಡುತ್ತಾರೆ. ಅದು ಕೊನೆಯ ಕೆಲಸ. ಫೈಲುಗಳನ್ನು ಒಮ್ಮೆ ಸರಿಯಾಗಿ ಮಾಡಿಟ್ಟರೆ ಮನೆಗೂ ಕಾರಿಗೂ ಒಂದೇ ಸಂಗ್ರಹ ಸಾಕು, ಆಮೇಲಿನ ಸಾಮಾನು ಸಾಧಾರಣದ್ದಾದರೂ ನಡೆಯುತ್ತದೆ.

ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ

ಕ್ಯಾಸೆಟ್ ಇಲ್ಲದವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಇದ್ದವರು ದಯವಿಟ್ಟು ತಡ ಮಾಡಬೇಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಟೇಪನ್ನು ಬಿಡುತ್ತದಾ?

ಮೊದಲು ಕ್ಯಾಸೆಟನ್ನು ಬೆಳಕಿಗೆ ಹಿಡಿದು ನೋಡಿ. ಕಿಟಕಿಯಂಥ ಜಾಗದಲ್ಲಿ ಟೇಪಿನ ಸುರುಳಿಯ ಅಂಚು ಕಾಣುತ್ತದೆ. ಅದು ಕಂದಾಗಿಯೋ ಕಪ್ಪಾಗಿಯೋ ನುಣ್ಣಗೆ ಇದ್ದರೆ ಒಳ್ಳೆಯದು. ಬಿಳಿ ಬಿಳಿ ಚುಕ್ಕಿ ಇದ್ದರೆ ಬೂಷ್ಟು ಬಂದಿದೆ ಅಂತ ಲೆಕ್ಕ. ಅಂಥದ್ದನ್ನು ಬೇರೆ ಇಡಿ. ಅದನ್ನು ಹಾಕಿದರೆ ಟೇಪ್‌ರೆಕಾರ್ಡರಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಬೂಷ್ಟು ಮೆತ್ತಿಕೊಂಡು ಮುಂದಿನ ಒಳ್ಳೆಯ ಕ್ಯಾಸೆಟಿಗೂ ದಾಟುತ್ತದೆ. ಇನ್ನೊಂದು, ಟೇಪಿನ ಹಿಂದೆ ತೆಳುವಾದ ತಾಮ್ರದ ಪಟ್ಟಿಯ ಮೇಲೆ ಒಂದು ಪುಟಾಣಿ ಉಣ್ಣೆಯ ತುಂಡು ಇರುತ್ತದೆ, ಕಡಲೆಬೇಳೆಯಷ್ಟು ದೊಡ್ಡದು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಹಳೆಯ ಕ್ಯಾಸೆಟಿನಲ್ಲಿ ಅಂಟು ಒಣಗಿ ಅದು ಉದುರಿರುತ್ತದೆ. ಆಗ ಸ್ವರ ಬಾವಿಯ ಒಳಗಿಂದ ಬಂದ ಹಾಗೆ ಕೇಳುತ್ತದೆ. ಎಷ್ಟೋ ಜನ ಕ್ಯಾಸೆಟ್ ಹಾಳಾಯಿತು ಅಂತ ಬಿಸಾಡುವುದು ಇದೇ ಕಾರಣಕ್ಕೆ. ಬೇಡದ ಕ್ಯಾಸೆಟಿನ ತುಂಡನ್ನು ಚಿಮಟಿಯಲ್ಲಿ ಎತ್ತಿ ಒಂದು ಹನಿ ಅಂಟು ಹಾಕಿ ಕೂರಿಸಿ. ಅರ್ಧ ಗಂಟೆ ಒಣಗಲಿ. ಸ್ವರ ಹಿಂದೆ ಬರುತ್ತದೆ.

ನುಡಿಸುವ ಮೊದಲು ಒಮ್ಮೆ ಕೊನೆಯವರೆಗೆ ಮುಂದೆ ಓಡಿಸಿ, ಮತ್ತೆ ಹಿಂದೆ ಸುತ್ತಿ. ಹತ್ತಿಪ್ಪತ್ತು ವರ್ಷ ಕೂತಲ್ಲೇ ಕೂತ ಟೇಪು ಅಂಟಿಕೊಂಡಿರುತ್ತದೆ, ಸುತ್ತಿದರೆ ಸಡಿಲ ಆಗುತ್ತದೆ. ಟೇಪ್‌ರೆಕಾರ್ಡರಿನ ಹೆಡ್ಡನ್ನು ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ಹತ್ತಿ ಕಂದು ಬಣ್ಣಕ್ಕೆ ತಿರುಗಿದರೆ ಇನ್ನೊಂದು ಕಡ್ಡಿ ತೆಗೆದುಕೊಳ್ಳಿ, ಬಿಳಿ ಉಳಿಯುವವರೆಗೆ ಒರೆಸಿ. ನಾಲ್ಕೈದು ಕ್ಯಾಸೆಟಿಗೊಮ್ಮೆ ಇದನ್ನು ಮಾಡಲೇಬೇಕು.

ಇನ್ನು ವಯರು. ಹೆಚ್ಚಿನವರು ಎಡವುವುದು ಇಲ್ಲಿ. ಲ್ಯಾಪ್‌ಟಾಪಿನಲ್ಲಿ ಇರುವ ಒಂದೇ ತೂತು ಹೆಡ್‌ಸೆಟ್‌ಗೆ ಇರುವುದು, ಅದರ ಒಳಬರುವ ದಾರಿ ಮೈಕಿನದ್ದು. ಟೇಪ್‌ರೆಕಾರ್ಡರನ್ನು ನೇರ ಅದಕ್ಕೆ ಕೊಟ್ಟರೆ ಸ್ವರ ಒಡೆಯುತ್ತದೆ. ಲೈನ್-ಇನ್ (ಟೇಪ್‌ರೆಕಾರ್ಡರಿನಂಥ ಸಾಧನದ ಸ್ವರ ಒಳಗೆ ತೆಗೆದುಕೊಳ್ಳುವ ತೂತು) ಇರುವ ಸಣ್ಣ ಯುಎಸ್‌ಬಿ ಸೌಂಡ್‌ಕಾರ್ಡ್ ಒಂದನ್ನು ತೆಗೆದುಕೊಳ್ಳಿ. ಡೆಸ್ಕ್‌ಟಾಪ್ ಇದ್ದರೆ ಅದೂ ಬೇಡ, ಹಿಂದುಗಡೆ ನೀಲಿ ಬಣ್ಣದ ತೂತು ಲೈನ್-ಇನ್, ಗುಲಾಬಿಯದ್ದು ಮೈಕು. ಟೇಪ್‌ರೆಕಾರ್ಡರಿನಲ್ಲಿ ಸ್ವರ ಹೊರಗೆ ಕೊಡುವ ಲೈನ್-ಔಟ್ ಇದ್ದರೆ ಅದರಿಂದ ತೆಗೆಯಿರಿ. ಇಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ, ವಾಲ್ಯೂಮ್ ಅರ್ಧಕ್ಕಿಟ್ಟು.

ರೆಕಾರ್ಡ್ ಮಾಡಲು ಅಡಾಸಿಟಿ ಅಂತ ತಂತ್ರಾಂಶ ಇದೆ, ದುಡ್ಡು ಕೊಡಬೇಕಾಗಿಲ್ಲ. ಸ್ಯಾಂಪಲ್ ರೇಟ್ 44,100 ಹರ್ಟ್ಜ್ ಇಡಿ, ಸಿಡಿಯಲ್ಲಿ ಇರುವುದೂ ಅಷ್ಟೇ. ಅಪ್ಪನದ್ದರ ಹಾಗೆ ಒಂದೇ ಮೈಕಿನಲ್ಲಿ ಆದ ರೆಕಾರ್ಡಿಂಗ್ ಆದರೆ ಮೋನೊ, ಅಂದರೆ ಒಂದೇ ಚಾನೆಲ್ ಸಾಕು, ಜಾಗ ಅರ್ಧ ಉಳಿಯುತ್ತದೆ.

ರೆಕಾರ್ಡ್ ಆಗುವ ಸ್ವರದ ಮಟ್ಟ ಹೊಂದಿಸುವುದಕ್ಕೆ ಸಮಯ ಕೊಡಿ. ಯಕ್ಷಗಾನದ ಕಷ್ಟ ಏನು ಅಂದರೆ, ಭಾಗವತರು ನಿಧಾನದ ಪದ್ಯ ಹೇಳುವಾಗ ಸ್ವರ ಮೆಲ್ಲಗೆ ಇರುತ್ತದೆ, ಆ ಹೊತ್ತಿಗೆ ನೋಡಿ ಮಟ್ಟ ಏರಿಸಿಟ್ಟರೆ, ಅರ್ಧ ಗಂಟೆ ಕಳೆದು ಬಣ್ಣದ ವೇಷ ಬರುವಾಗ ಚೆಂಡೆಯ ಒಂದೊಂದು ಪೆಟ್ಟೂ ಮೇಲೆ ಬಡಿದು ತಲೆ ಕತ್ತರಿಸಿ ಹೋಗುತ್ತದೆ. ಹಾಗೆ ಹೋದದ್ದನ್ನು ಮತ್ತೆ ಸರಿ ಮಾಡಲು ಆಗುವುದಿಲ್ಲ. ಹಾಗಾಗಿ ಮೊದಲು ಕ್ಯಾಸೆಟಿನ ಅತಿ ಜೋರಿನ ಜಾಗ ಹುಡುಕಿ. ಅಲ್ಲಿ ಅಡಾಸಿಟಿಯ ಮೀಟರು (ಸೊನ್ನೆ ಮುಟ್ಟಿದರೆ ಸ್ವರ ಒಡೆಯುತ್ತದೆ) ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಇಡಿ. ಉಳಿದ ಕಡೆ ಮೆಲ್ಲಗೆ ಬಂದರೂ ಚಿಂತೆ ಇಲ್ಲ.

ಗುಯ್ ಅನ್ನುವ ಶಬ್ದ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಅಡಾಸಿಟಿಯಲ್ಲಿ ನಾಯ್ಸ್ ರಿಡಕ್ಷನ್ ಇದೆ. ಯಾರೂ ಹಾಡದ, ಬರೀ ಗುಯ್ ಇರುವ ಎರಡು ಮೂರು ಸೆಕೆಂಡಿನ ಜಾಗ ಆರಿಸಿ ಅದಕ್ಕೆ ತೋರಿಸಬೇಕು, ಆಮೇಲೆ ಪೂರ್ತಿ ಫೈಲಿಗೆ ಹಾಕಬೇಕು. 6 ಡೆಸಿಬೆಲ್‌ನಷ್ಟು ತೆಗೆದರೆ ಸಾಕು. ಜಾಸ್ತಿ ತೆಗೆದರೆ ಚಕ್ರತಾಳದ ಆ ಝಣ್ ಅನ್ನುವ ನಾದವೇ ಸತ್ತು ಹೋಗುತ್ತದೆ, ಭಾಗವತರು ನೀರಿನ ಅಡಿಯಲ್ಲಿ ಕೂತು ಹಾಡಿದ ಹಾಗೆ ಆಗುತ್ತದೆ. ನನ್ನ ಕೇಳಿದರೆ ಸ್ವಲ್ಪ ಗುಯ್ ಇರಲಿ. ಕಿವಿ ಎರಡು ನಿಮಿಷದಲ್ಲಿ ಅದನ್ನು ಮರೆಯುತ್ತದೆ.

90 ನಿಮಿಷದ ಕ್ಯಾಸೆಟಿಗೆ 90 ನಿಮಿಷ ಬೇಕೇ ಬೇಕು, ಇದರಲ್ಲಿ ಅಡ್ಡದಾರಿ ಇಲ್ಲ. ನಾನು ರಾತ್ರಿ ಊಟ ಆದ ಮೇಲೆ ದಿನಕ್ಕೊಂದು ಅಂತ ಇಟ್ಟುಕೊಂಡೆ. ಮೂರು ತಿಂಗಳು ಚಿಲ್ಲರೆ ಹಿಡಿಯಿತು.

ಫೈಲು ಯಾವ ರೂಪದಲ್ಲಿ, ಯಾವ ಹೆಸರಲ್ಲಿ

ಎರಡು ಪ್ರತಿ ಮಾಡಿ. ಒಂದು ಫ್ಲಾಕ್, ಇನ್ನೊಂದು ಎಂಪಿ3. ಫ್ಲಾಕ್‌ನಲ್ಲಿ ಸ್ವರದ ಒಂದು ಕಣವೂ ಹೋಗುವುದಿಲ್ಲ, ಜಾಗ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದು ಕಾಪಾಡಿ ಇಡಲು. ಎಂಪಿ3 ಕಾರಿಗೆ, ಮೊಬೈಲಿಗೆ, ನೆಂಟರಿಗೆ.

ಲೆಕ್ಕ ಹೇಳುತ್ತೇನೆ. 90 ನಿಮಿಷದ ನೂರು ಕ್ಯಾಸೆಟ್ ಅಂದರೆ 150 ಗಂಟೆ. ಮೋನೊ ವೇವ್ ಫೈಲಾಗಿ, ಅಂದರೆ ಏನೂ ಕುಗ್ಗಿಸದೆ ಇಟ್ಟರೆ ಸುಮಾರು 48 ಜಿಬಿ. ಫ್ಲಾಕ್ ಮಾಡಿದರೆ ಅದರ ಅರ್ಧದ ಆಸುಪಾಸು. 128 ಕೆಬಿಪಿಎಸ್ (ಒಂದು ಸೆಕೆಂಡಿನ ಸ್ವರಕ್ಕೆ ಎಷ್ಟು ಕಿಲೊಬಿಟ್ ಅನ್ನುವ ಲೆಕ್ಕ) ಎಂಪಿ3 ಮಾಡಿದರೆ 9 ಜಿಬಿಯ ಒಳಗೆ. ಅಂದರೆ ಅಪ್ಪನ ಇಡೀ ಪೆಟ್ಟಿಗೆ ಹೆಬ್ಬೆರಳಿನಷ್ಟು ಇರುವ ಒಂದು ಪೆನ್‌ಡ್ರೈವಿನಲ್ಲಿ ಕೂತಿತು! ತಾಳಮದ್ದಳೆಯಲ್ಲಿ ಅರ್ಥ ಹೇಳುವ ಮಾತೇ ಜಾಸ್ತಿ, ಅದಕ್ಕೆ ಮೋನೊದಲ್ಲಿ 64 ಕೆಬಿಪಿಎಸ್ ಕೂಡ ನಡೆಯುತ್ತದೆ. ಸ್ಟುಡಿಯೋದಲ್ಲಿ ಆದ ಸಂಗೀತಕ್ಕೆ ಮಾತ್ರ 256 ಅಥವಾ 320 ಇಡಿ.

ಒಂದು ಎಚ್ಚರಿಕೆ. ಇಡೀ ರಾತ್ರಿಯ ಆಟವನ್ನು ಒಂದೇ ವೇವ್ ಫೈಲ್ ಮಾಡಲು ಹೋಗಬೇಡಿ. ಎಂಟು ಗಂಟೆಯ ಸ್ಟೀರಿಯೊ (ಎರಡು ಚಾನೆಲಿನ) ರೆಕಾರ್ಡಿಂಗ್ 5 ಜಿಬಿ ದಾಟುತ್ತದೆ, ವೇವ್ ಫೈಲಿನ ಮಿತಿ 4 ಜಿಬಿ. ಅದೂ ಅಲ್ಲದೆ ಕಾರಿನಲ್ಲಿ ಅಷ್ಟು ಉದ್ದದ ಫೈಲಿನ ನಡುವಿನ ಒಂದು ಪದ್ಯ ಹುಡುಕುವುದು ಹೇಗೆ? ಸನ್ನಿವೇಶ ಬದಲಾಗುವಲ್ಲಿ ಕತ್ತರಿಸಿ ಹತ್ತು ಹದಿನೈದು ನಿಮಿಷದ ತುಂಡು ಮಾಡಿ. ಪದ್ಯದ ನಡುವೆ ಮಾತ್ರ ಕತ್ತರಿ ಹಾಕಬೇಡಿ.

ಹೆಸರು ಇಡುವಾಗ ಮುಂದೆ 01, 02, 03 ಅಂತ ಎರಡಂಕಿ ಇರಲಿ. ಬರೀ 1, 2 ಅಂತ ಕೊಟ್ಟರೆ ಎಷ್ಟೋ ಕಾರ್ ಸ್ಟೀರಿಯೊಗಳು 1 ಆದ ಮೇಲೆ 10 ಹಾಕುತ್ತವೆ, ಕಥೆಯಲ್ಲಿ ಸುಧನ್ವ ಸತ್ತು ಬಿದ್ದ ಮೇಲೆ ಯುದ್ಧ ಶುರುವಾಗುತ್ತದೆ. ಇನ್ನೊಂದು ಬೇಸರದ ಸಂಗತಿ, ಹಲವು ಕಾರ್ ಸ್ಟೀರಿಯೊಗಳಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ, ಬರೀ ಚೌಕ ಚೌಕ ಕಾಣುತ್ತದೆ. ಕಾರಿನ ಪ್ರತಿಗೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡಬೇಕಾಗುತ್ತದೆ. ಆದರೆ ಮನೆಯ ಫ್ಲಾಕ್ ಪ್ರತಿಗೆ ಕನ್ನಡದಲ್ಲೇ ಬರೆಯಿರಿ, ಕಂಪ್ಯೂಟರ್, ಮೊಬೈಲ್ ಎರಡರಲ್ಲೂ ಚೆನ್ನಾಗಿ ಕಾಣುತ್ತದೆ. ಅಪ್ಪ ಕೆಂಪು ಪೆನ್ನಿನಲ್ಲಿ ಬರೆದ ಚೀಟಿಗಳ ಫೋಟೊ ತೆಗೆದು ಆಯಾ ಫೋಲ್ಡರಿನಲ್ಲಿ ಹಾಕಿದ್ದೇನೆ. ಹಾಡು ಬರುವಾಗ ಪರದೆ ಮೇಲೆ ಅಪ್ಪನ ಅಕ್ಷರ ಬರುತ್ತದೆ. ಫೋಟೊದ ಫೈಲಿಗೆ ಕವರ್ ಅಂತ ಇಂಗ್ಲಿಷಿನಲ್ಲಿ ಹೆಸರು ಕೊಟ್ಟರೆ ಹೆಚ್ಚಿನ ಪ್ಲೇಯರ್‌ಗಳು ತಾವಾಗಿ ಎತ್ತಿಕೊಳ್ಳುತ್ತವೆ.

ಚಾವಡಿಯ ವ್ಯವಸ್ಥೆ

ಮನೆಗೆ ಏನು ಬೇಕು? ಹಾಡು ಇರುವ ಒಂದು ಸಾಧನ, ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್. ಅಷ್ಟೇ. ಹಾಡು ಇಡಲು ಮೂಲೆಯಲ್ಲಿ ಬಿದ್ದಿರುವ ಹಳೆಯ ಮೊಬೈಲ್ ಸಾಕು. ಸಿಮ್ ತೆಗೆಯಿರಿ, ಮೆಮೊರಿ ಕಾರ್ಡ್ ಹಾಕಿ, ಬೇಡದ ಆಪ್ ಎಲ್ಲ ತೆಗೆದು ಹಾಕಿ. ಕಂಪ್ಯೂಟರ್ ಕೆಲಸ ಗೊತ್ತಿದ್ದವರು ರಾಸ್‌ಬೆರಿ ಪೈ ಅನ್ನುವ ಅಂಗೈಯಷ್ಟು ಕಂಪ್ಯೂಟರ್ ತಂದು ವಾಲ್ಯೂಮಿಯೊ ಅನ್ನುವ ಹಾಡಿನ ತಂತ್ರಾಂಶ ಹಾಕಿಕೊಳ್ಳಬಹುದು, ಮನೆಯ ಯಾವ ಮೊಬೈಲಿನಿಂದಲೂ ಹಾಡು ಆರಿಸಲು ಬರುತ್ತದೆ. ನನ್ನ ಅಮ್ಮನಿಗೆ ಅದು ಕಷ್ಟ ಆಯಿತು. "ಮಗಾ, ಇದಕ್ಕೆ ಒಂದು ಬಟನ್ ಇಲ್ವಾ?" ಅಂತ ಕೇಳಿದರು. ಹಾಗಾಗಿ ನಾನು ಹಳೆಯ ಮೊಬೈಲಿಗೇ ಬಂದೆ. ಮನೆಯಲ್ಲಿ ಜಾಸ್ತಿ ಹೊತ್ತು ಕೇಳುವವರು ಯಾರೋ ಅವರ ಕೈಗೆ ಸುಲಭ ಆಗುವುದನ್ನು ಆರಿಸಿ.

ಬ್ಲೂಟೂತ್ ಬಗ್ಗೆ. ಹತ್ತು ಮೀಟರ್ ಹೋಗುತ್ತದೆ ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ನಮ್ಮ ಮುರಕಲ್ಲಿನ ದಪ್ಪ ಗೋಡೆಗೆ ಆ ಮಾತು ನಡೆಯುವುದಿಲ್ಲ. ಚಾವಡಿಯಲ್ಲಿ ಮೊಬೈಲ್ ಇಟ್ಟು ಅಡಿಗೆಮನೆಯ ಸ್ಪೀಕರಿಗೆ ಬ್ಲೂಟೂತ್‌ನಲ್ಲಿ ಕೊಟ್ಟರೆ ತುಂಡು ತುಂಡಾಗಿ ಬರುತ್ತದೆ. ಒಂದೇ ಜಾಗದಲ್ಲಿ ಇರುವ ಸಾಮಾನಿಗೆ ವಯರೇ ಒಳ್ಳೆಯದು.

ಸ್ಪೀಕರ್ ವಯರಿಗೆ ದುಬಾರಿಯದ್ದು ಬೇಡ. 1.5 ಚದರ ಮಿಲಿಮೀಟರಿನ ತಾಮ್ರದ ವಯರು ಹತ್ತು ಮೀಟರಿನವರೆಗೆ ಧಾರಾಳ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಬರಬೇಕು. ಒಂದು ಸ್ಪೀಕರಿಗೆ ಅದಲುಬದಲಾದರೆ ಏನೂ ಸುಡುವುದಿಲ್ಲ, ಆದರೆ ಮದ್ದಳೆಯ ಗುಮ್ ಅನ್ನುವ ದನಿ ಮಾಯ ಆಗುತ್ತದೆ, ಭಾಗವತರ ಸ್ವರ ನಡುವೆ ನಿಲ್ಲದೆ ಕೋಣೆ ಇಡೀ ಚದುರುತ್ತದೆ. ಬಣ್ಣ ಮಾಸಿದ ಹಳೆಯ ಸ್ಪೀಕರ್ ಆದರೆ, ಆಂಪ್ಲಿಫೈಯರಿಂದ ಬಿಡಿಸಿ, 1.5 ವೋಲ್ಟಿನ ಪೆನ್ಸಿಲ್ ಸೆಲ್ ಒಂದನ್ನು ಎರಡು ತುದಿಗೆ ಕ್ಷಣ ಮುಟ್ಟಿಸಿ. ದೊಡ್ಡ ಕೋನು ಹೊರಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ತುದಿಯೇ ಪ್ಲಸ್. ಒಳಕ್ಕೆ ಹೋದರೆ ಉಲ್ಟಾ.

ಜಗಲಿಗೂ ಎರಡು ಸ್ಪೀಕರ್ ಹಾಕುವ ಆಸೆ ಇದ್ದರೆ ಆಂಪ್ಲಿಫೈಯರಿನ ಹಿಂದುಗಡೆ ಎಷ್ಟು ಓಮಿನ ಸ್ಪೀಕರ್ ಆಗಬಹುದು ಅಂತ ನೋಡಿ. 8 ಓಮಿನ ಎರಡು ಸ್ಪೀಕರನ್ನು ಒಂದೇ ಜಾಗಕ್ಕೆ ಜೊತೆಯಾಗಿ ಕೊಟ್ಟರೆ 4 ಓಮ್ ಆಗುತ್ತದೆ. 4 ಓಮ್ ಆಗಬಹುದು ಅಂತ ಬರೆದಿದ್ದರೆ ಮಾತ್ರ ಕೊಡಿ.

ಎಲ್ಲಿ ಇಡುವುದು? ಎರಡು ಸ್ಪೀಕರ್, ಮತ್ತೆ ನೀವು ಕೂರುವ ಜಾಗ, ಮೂರರ ನಡುವೆಯೂ ಒಂದೇ ಅಂತರ ಇದ್ದರೆ ಚೆಂದ. ಸ್ಪೀಕರ್ ಡಬ್ಬಿಯಲ್ಲಿ ಮೇಲಿನ ಸಣ್ಣ ಸ್ಪೀಕರ್ ಇರುವ ಭಾಗ ಕೂತವರ ಕಿವಿಯ ಮಟ್ಟಕ್ಕೆ ಬರಲಿ. ಗೋಡೆಯಿಂದ ಒಂದು ಮೊಳ ಈಚೆ ಇಡಿ, ಮೂಲೆಗೆ ತಳ್ಳಿದರೆ ಬರೀ ಗುಂಯ್‌ಗುಡುತ್ತದೆ. ಕಾವಿ ನೆಲದ ಖಾಲಿ ಚಾವಡಿಯಲ್ಲಿ ಸ್ವರ ಗೋಡೆಗೆ ಬಡಿದು ಬಡಿದು ಮಾತು ಸ್ಪಷ್ಟ ಆಗುವುದಿಲ್ಲ. ಅದಕ್ಕೆ ಒಂದು ಜಮಖಾನೆ ಹಾಸಿ, ಎದುರಿನ ಗೋಡೆಗೆ ಪುಸ್ತಕದ ಕಪಾಟು ತನ್ನಿ. ನಮ್ಮ ಮನೆಯಲ್ಲಿ ಆದ ಅತಿ ದೊಡ್ಡ ಸುಧಾರಣೆ ಇದೇ, ಖರ್ಚು ಸೊನ್ನೆ. ಆಟಿ ತಿಂಗಳ ಜೋರು ಮಳೆ ಹೆಂಚಿನ ಮೇಲೆ ಸುರಿಯುವಾಗ ವಾಲ್ಯೂಮ್ ಏರಿಸುತ್ತಾ ಹೋಗಬೇಡಿ, ಸ್ಪೀಕರನ್ನೇ ಕುರ್ಚಿಯ ಹತ್ತಿರ ತಂದಿಡಿ.

ಕರೆಂಟಿನ ವಿಷಯ ಹೇಳದೆ ಮುಂದೆ ಹೋಗಬಾರದು. ಏಪ್ರಿಲ್-ಮೇ, ಮತ್ತೆ ಅಕ್ಟೋಬರ್-ನವೆಂಬರ್, ಸಂಜೆ ಗುಡುಗು ಶುರುವಾದರೆ ನಮ್ಮಲ್ಲಿ ಸಿಡಿಲು ಹೊಡೆಯದ ದಿನ ಕಡಿಮೆ. ಒಂದು ಸಲ ನಾನು ಆಂಪ್ಲಿಫೈಯರಿನ ಪ್ಲಗ್ ತೆಗೆದಿದ್ದೆ, ಆದರೆ ಟಿವಿಯಿಂದ ಬರುವ ಆಡಿಯೊ ವಯರು ಹಾಗೇ ಇತ್ತು, ಟಿವಿಗೆ ಮಾಡಿನ ಮೇಲಿನ ಡಿಶ್ ಕೇಬಲ್ ಇತ್ತು. ಸಿಡಿಲು ಆ ದಾರಿಯಲ್ಲಿ ಬಂದು ಎರಡನ್ನೂ ತೆಗೆದುಕೊಂಡು ಹೋಯಿತು. ಗುಡುಗು ಕೇಳುವ ಮೊದಲೇ ಪ್ಲಗ್ಗೂ ತೆಗೆಯಿರಿ, ಹೊರಗಿನಿಂದ ಬರುವ ಕೇಬಲ್ಲೂ ತೆಗೆಯಿರಿ. ಇನ್ವರ್ಟರಿನಲ್ಲಿ ಹಾಡುವಾಗ ಮಾತ್ರ ಬುರ್ ಅಂತ ಶಬ್ದ ಬಂದರೆ ಆಂಪ್ಲಿಫೈಯರ್ ಹಾಳಾಗಿದೆ ಅಂತ ತಿಳಿಯಬೇಡಿ, ಇನ್ವರ್ಟರ್ ಸ್ಕ್ವೇರ್ ವೇವ್ ಜಾತಿಯದ್ದು ಇರಬೇಕು. ಸೈನ್ ವೇವ್ ಇನ್ವರ್ಟರಿನಲ್ಲಿ ಈ ರಗಳೆ ಇಲ್ಲ.

ಕಾರಿಗೆ

ಕಾರಿನಲ್ಲಿ ಯುಎಸ್‌ಬಿ ಇದ್ದರೆ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು. 32 ಜಿಬಿಯ ಪೆನ್‌ಡ್ರೈವ್ ತೆಗೆದುಕೊಂಡು ಫ್ಯಾಟ್32 ಅಂತ ಫಾರ್ಮ್ಯಾಟ್ ಮಾಡಿ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇದ್ದರೆ ಬಹಳಷ್ಟು ಸ್ಟೀರಿಯೊ ಓದುವುದೇ ಇಲ್ಲ. ಕೆಲವು ಸ್ಟೀರಿಯೊಗಳು ಹೆಸರಿನ ಕ್ರಮ ನೋಡುವುದಿಲ್ಲ, ನೀವು ಯಾವ ಕ್ರಮದಲ್ಲಿ ಕಾಪಿ ಮಾಡಿದಿರೋ ಅದೇ ಕ್ರಮದಲ್ಲಿ ಹಾಡುತ್ತವೆ. ಹಾಗೆ ಆದರೆ ಡ್ರೈವ್ ಖಾಲಿ ಮಾಡಿ ಫೋಲ್ಡರುಗಳನ್ನು ಒಂದೊಂದಾಗಿ ಬೇಕಾದ ಕ್ರಮದಲ್ಲಿ ಹಾಕಿ. ಪೆನ್‌ಡ್ರೈವಿನಲ್ಲಿ ಹಾಡು ಬಿಟ್ಟು ಬೇರೆ ಏನೂ ಇಡಬೇಡಿ.

ಮೊಬೈಲಿನಲ್ಲಿ ಇಂಟರ್ನೆಟ್ ಇರುವಾಗ ಪೆನ್‌ಡ್ರೈವ್ ಯಾಕೆ ಅಂತ ನಮ್ಮ ಭಾವ ಕೇಳಿದರು. ಅವರನ್ನು ಕೂರಿಸಿಕೊಂಡು ಬದಿಯಡ್ಕದಿಂದ ಪೆರ್ಲ, ಅಡ್ಕಸ್ಥಳ ದಾಟಿ ವಿಟ್ಲದ ಕಡೆ ಹೋದೆ. ಗುಡ್ಡದ ತಿರುವುಗಳಲ್ಲಿ ಅವರ ಮೊಬೈಲಿನ ಹಾಡು ಎರಡು ಸಲ ನಿಂತಿತು. ಪೆನ್‌ಡ್ರೈವಿನ ಭಾಗವತರು ಒಂದು ತಾಳವೂ ತಪ್ಪಲಿಲ್ಲ.

ಯುಎಸ್‌ಬಿ ಇಲ್ಲ, ಆಕ್ಸ್ ಅಂತ ಹೊರಗಿನ ಸ್ವರ ಕೊಡುವ ತೂತು ಇದೆ ಅಂತಾದರೆ 3.5 ಮಿಲಿಮೀಟರ್ ವಯರಿನಲ್ಲಿ ಮೊಬೈಲ್ ಕೊಡಿ. ಮೊಬೈಲಿನ ವಾಲ್ಯೂಮ್ ಮುಕ್ಕಾಲಿನ ಮೇಲೆ ಇಟ್ಟು, ಉಳಿದದ್ದನ್ನು ಕಾರಿನ ಸ್ಟೀರಿಯೊದಲ್ಲಿ ಹೊಂದಿಸಿ. ಕಾರಿನಲ್ಲಿ ಚಾರ್ಜಿಗೆ ಹಾಕಿದ ಕೂಡಲೇ ಕುಂಯ್ ಅಂತ ಶಬ್ದ ಬರುತ್ತದಾ? ಆಕ್ಸಿಲರೇಟರ್ ಒತ್ತಿದ ಹಾಗೆ ಆ ಶಬ್ದ ಏರುತ್ತದಾ? ಚಾರ್ಜರ್ ತೆಗೆದು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್, ಚಾರ್ಜರ್, ಆಕ್ಸ್ ವಯರು ಎರಡೂ ದಾರಿಯಲ್ಲಿ ಅರ್ತ್ ಸೇರಿ ಬರುವ ಶಬ್ದ. ಆಕ್ಸ್ ವಯರಿನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಬೆಂಕಿಪೊಟ್ಟಣದಷ್ಟು ಇರುವ ಸಾಧನ ಸಿಗುತ್ತದೆ, ಅದು ಸಾಕು.

ಬರೀ ರೇಡಿಯೊ ಇರುವ ಹಳೆಯ ಕಾರಿಗೆ ಎಫ್‌ಎಂ ಟ್ರಾನ್ಸ್‌ಮಿಟರ್ ಇದೆ, ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವಂಥದ್ದು. ಖಾಲಿ ಇರುವ ತರಂಗ ಆರಿಸಬೇಕು. ಮನೆಯ ಅಂಗಳದಲ್ಲಿ ಖಾಲಿ ಕಂಡದ್ದು ಮಂಗಳೂರಿನ ಹತ್ತಿರ ಖಾಲಿ ಇರುವುದಿಲ್ಲ. ಮಂಗಳೂರು ಆಕಾಶವಾಣಿ 100.3ರಲ್ಲಿ ಇದೆ, ಅದರ ಅಕ್ಕಪಕ್ಕ ಬೇಡ. ತಲಪಾಡಿ ಗಡಿ ದಾಟಿದ ಮೇಲೆ ಒಂದು ಸಲ ರೇಡಿಯೊ ತಿರುಗಿಸಿ, ಮನೆಯ ಹತ್ತಿರವೂ ಮಂಗಳೂರಿನ ಹತ್ತಿರವೂ ಖಾಲಿ ಇರುವ ಜಾಗ ಬರೆದಿಟ್ಟುಕೊಳ್ಳಿ. ಸ್ವರ ಅಷ್ಟಕ್ಕಷ್ಟೇ, ತಾಳಮದ್ದಳೆಗೆ ಸಾಕು.

ಹೊಸ ಸ್ಟೀರಿಯೊವನ್ನೇ ಹಾಕುವುದಾದರೆ ಮೊದಲು ಅಳತೆ. ಸಿಂಗಲ್ ಡಿನ್ ಅಂದರೆ 180 ಮಿಲಿಮೀಟರ್ ಅಗಲ, 50 ಎತ್ತರ. ಡಬಲ್ ಡಿನ್ ಅಂದರೆ ಅದೇ ಅಗಲ, ಎತ್ತರ 100. ನಿಮ್ಮ ಕಾರಿನ ಮಾಡೆಲಿಗೆ ಸರಿಯಾದ ಕಪ್ಲರ್ (ವಯರು ಕತ್ತರಿಸದೆ ಜೋಡಿಸುವ ಕನೆಕ್ಟರ್) ತೆಗೆದುಕೊಳ್ಳಿ. ಕಂಪೆನಿಯ ವಯರು ಕತ್ತರಿಸಿ ಟೇಪ್ ಸುತ್ತಲು ಯಾರಿಗೂ ಬಿಡಬೇಡಿ, ಎಷ್ಟೇ ಪರಿಚಯದವರಾದರೂ. ಮಳೆಗಾಲದ ತೇವಕ್ಕೆ ಆ ಟೇಪು ಬಿಡುತ್ತದೆ. ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಕೆಲವು ಕಾರಿನ ಸ್ಟೀರಿಯೊ ಆಮೇಲೆ ಕೋಡ್ ಕೇಳುತ್ತದೆ, ಅದು ಮೊದಲೇ ಕೈಯಲ್ಲಿರಲಿ. ಸಾಮಾನ್ಯವಾಗಿ ಸ್ಟೀರಿಯೊದ ಹಳದಿ ವಯರು ಯಾವಾಗಲೂ 12 ವೋಲ್ಟ್ ಬೇಕಾದದ್ದು, ಕೆಂಪು ಕೀ ತಿರುಗಿಸಿದಾಗ ಬರುವಂಥದ್ದು, ಕಪ್ಪು ಅರ್ತ್. ಹಳದಿ, ಕೆಂಪು ಅದಲುಬದಲಾದರೆ ಕೀ ತೆಗೆದಾಗಲೆಲ್ಲ ಸ್ಟೀರಿಯೊ ಎಲ್ಲ ಮರೆಯುತ್ತದೆ. ಎರಡನ್ನೂ ಸೇರಿಸಿ ನೇರ ಬ್ಯಾಟರಿಗೆ ಕೊಟ್ಟರೆ, ಆಫ್ ಮಾಡಲು ಮರೆತ ದಿನ ಬೆಳಿಗ್ಗೆ ಕಾರ್ ಸ್ಟಾರ್ಟ್ ಆಗುವುದಿಲ್ಲ. ಸ್ಪೀಕರಿನ ಮೈನಸ್ ವಯರನ್ನು ಕಾರಿನ ಬಾಡಿಗೆ ಮುಟ್ಟಿಸಲೇಬಾರದು. ಫ್ಯೂಸ್ ಹೋದರೆ ಅದೇ ಆಂಪಿಯರಿನದ್ದನ್ನೇ ಹಾಕಿ.

ಬಾಗಿಲಿನ ಸ್ಪೀಕರ್ ಬದಲಿಸುವಾಗ ಕಾಗದದ ಕೋನು ಬೇಡ, ಪಾಲಿಪ್ರೊಪಿಲಿನ್ ಕೋನು ಇರಲಿ. ಗಾಜಿನ ಸಂದಿಯಿಂದ ಮಳೆನೀರು ಬಾಗಿಲಿನ ಒಳಗೆ ಇಳಿದೇ ಇಳಿಯುತ್ತದೆ. ಕೂರಿಸಿದ ಮೇಲೆ ಕಾರ್ ಸ್ಟೀರಿಯೊದ ಲೌಡ್‌ನೆಸ್ ಅನ್ನುವುದನ್ನು ಆಫ್ ಮಾಡಿ, ಬೇಸ್ ಸೊನ್ನೆಗೆ ತನ್ನಿ, ಅಲ್ಲಿಂದ ಸ್ವಲ್ಪ ಸ್ವಲ್ಪ ಏರಿಸಿ. ಚೆಂಡೆ ಹೊಡೆಯುವಾಗ ಬಾಗಿಲು ಗಡಗಡ ಅಂದರೆ ಒಳಗಿನ ಪ್ಲಾಸ್ಟಿಕ್ ಪ್ಯಾಡಿನ ಕ್ಲಿಪ್ ಒಂದು ಸರಿಯಾಗಿ ಕೂತಿಲ್ಲ, ಕೈಯಲ್ಲಿ ಸುತ್ತ ಒತ್ತುತ್ತಾ ಹೋದರೆ ಎಲ್ಲಿ ಅಂತ ಗೊತ್ತಾಗುತ್ತದೆ.

ಪೆನ್‌ಡ್ರೈವನ್ನು ಕಾರಿನಲ್ಲೇ ಬಿಟ್ಟರೆ ಬೇಸಗೆಯ ಬಿಸಿಲಿಗೆ ಒಂದು ದಿನ ಅದು ಕೈಕೊಡುತ್ತದೆ. ಕೊಡಲಿ, ಅದು ಬರೀ ಪ್ರತಿ. ಮೂಲದ ಫ್ಲಾಕ್ ಫೈಲುಗಳು ಮಾತ್ರ ಎರಡು ಹಾರ್ಡ್‌ಡಿಸ್ಕಿನಲ್ಲಿ ಇರಬೇಕು, ಅದೂ ಎರಡು ಬೇರೆ ಮನೆಗಳಲ್ಲಿ. ನಮ್ಮ ಒಂದು ಡಿಸ್ಕ್ ಇಲ್ಲಿದೆ, ಸಿಲಿಕಾ ಜೆಲ್ ಹಾಕಿದ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ. ಇನ್ನೊಂದು ಪುತ್ತೂರಿನಲ್ಲಿ ಅಕ್ಕನ ಮನೆಯ ಕಪಾಟಿನಲ್ಲಿ. ಚೌತಿಗೆ ಹೋಗುವಾಗ ಅದನ್ನು ತೆಗೆದು ಕಂಪ್ಯೂಟರಿಗೆ ಹಾಕಿ, ನಾಲ್ಕು ಫೈಲ್ ನುಡಿಸಿ ನೋಡಿ, ಹೊಸದನ್ನು ಸೇರಿಸಿ ಬರುತ್ತೇನೆ.